ರಾತ್ರಿ ಮೂರು ಗಂಟೆಯ ಚಿಂತೆಗೆ ಐದು ಸಾಲಿನ ಕಾಗದ

ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಒಳ್ಳೆ ನಿದ್ದೆ ಬರುತ್ತದೆ ಎಂದು ಪೇಟೆಯ ನೆಂಟರು ಹೇಳುತ್ತಾರೆ. ಶಿರಸಿ ಕಡೆ ಅಡಿಕೆ ತೋಟ ಇಟ್ಟುಕೊಂಡವರನ್ನು ಕೇಳಿ ನೋಡಿ. ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದರೆ ನಾವು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತೇವೆ. ಅಡಿಕೆಗೆ ಕೊಳೆರೋಗ ಬಂತೇನೋ, ಬೆಳಿಗ್ಗೆ ತೋಟಕ್ಕೆ ಇಳಿದರೆ ಎಷ್ಟು ಕಾಯಿ ಉದುರಿರುತ್ತದೋ ಎಂದು.

2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಗೆ ನೆರೆ ಬಂತಲ್ಲ, ಆ ಮಳೆಗೆ ನಮ್ಮ ಎರಡು ಎಕರೆ ತೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆ ಹೋಯಿತು. ಅದರ ಹಿಂದಿನ ವರ್ಷವಷ್ಟೇ ನಮ್ಮನೆಯವರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ತೋಟದ ಕೆಲಸ ನಾನು ನೋಡಿದ್ದೆ, ಮಾಡಿಸಿ ಗೊತ್ತಿರಲಿಲ್ಲ. ಸೊಸೈಟಿಯಲ್ಲಿ ಬೆಳೆಸಾಲ ಇತ್ತು. ಬೆಂಗಳೂರಿನಲ್ಲಿ ಮಗನ ಕೆಲಸ ಇವತ್ತು ಹೋಗುತ್ತದೆ, ನಾಳೆ ಹೋಗುತ್ತದೆ ಎನ್ನುವಂತಿತ್ತು. ರಾತ್ರಿ ಸರಿಯಾಗಿ ಮೂರು ಗಂಟೆಗೆ ಎಚ್ಚರ. ತೋಟ, ಸಾಲ, ಮಗ, ಇವರ ಮಾತ್ರೆ, ಮತ್ತೆ ತೋಟ. ಆಲೆಮನೆಯ ಗಾಣಕ್ಕೆ ಕಟ್ಟಿದ ಕೋಣದ ಹಾಗೆ ಸುತ್ತಿ ಸುತ್ತಿ ಬೆಳಗಾಗುತ್ತಿತ್ತು. ಕೋಣ ಸುತ್ತಿದರೆ ಕಬ್ಬಿನ ಹಾಲಾದರೂ ಬರುತ್ತದೆ.

ಅಲ್ಲಿಂದ ಇಲ್ಲಿಗೆ ಬಂದ ದಾರಿಯನ್ನು ಬರೆಯುತ್ತಿದ್ದೇನೆ. ನಾನು ಶಾಸ್ತ್ರ ಓದಿದವಳಲ್ಲ. ಸೋಂದಾ ಸ್ವರ್ಣವಲ್ಲೀ ಮಠದವರ ಭಗವದ್ಗೀತಾ ಅಭಿಯಾನದಲ್ಲಿ ನಮ್ಮೂರಿನ ಹೆಂಗಸರೆಲ್ಲ ಸೇರಿ ಶ್ಲೋಕ ಕಲಿತೆವು. ತಪ್ಪಿಲ್ಲದೆ ಹೇಳಲು ಬರುತ್ತಿತ್ತು. ಬಾಯಿಗೆ ಬಂದದ್ದು ಹೊಟ್ಟೆಗೆ ಇಳಿಯಲು ಆ ಮಳೆಗಾಲ ಬೇಕಾಯಿತು.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು, ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳುವುದು. ಗೀತೆ ಶುರುವಾಗುವುದೇ ಹಾಗೆ ಅಲ್ವಾ? ಮೊದಲನೇ ಅಧ್ಯಾಯದಲ್ಲಿ ಅರ್ಜುನ ತನ್ನ ಮೈಗೆ ಏನಾಗುತ್ತಿದೆ ಎಂದು ಒಂದೊಂದಾಗಿ ಹೇಳುತ್ತಾನೆ. ಕೈಕಾಲು ಸೋಲುತ್ತಿದೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲು ಆಗುತ್ತಿಲ್ಲ, ತಲೆ ತಿರುಗಿದಂತಾಗುತ್ತಿದೆ. ಅಷ್ಟು ದೊಡ್ಡ ವೀರ, ಎರಡು ಸೇನೆಯ ನಡುವೆ ರಥ ನಿಲ್ಲಿಸಿಕೊಂಡು ಇಷ್ಟನ್ನೂ ಹೇಳಿಕೊಂಡ. ಆಗ ಕೃಷ್ಣ ಏನು ಮಾಡಿದ ಗಮನಿಸಿ. ಆ ಇಡೀ ಅಧ್ಯಾಯದಲ್ಲಿ ಕೃಷ್ಣನ ಮಾತು ಒಂದೇ ಒಂದು. ರಥ ನಿಲ್ಲಿಸಿ, ‘ಪಾರ್ಥ, ಇಲ್ಲಿ ಸೇರಿದ ಕುರುಗಳನ್ನು ನೋಡು’ ಎಂದದ್ದು. ಆಮೇಲೆ ಸುಮ್ಮನೆ ಕೇಳಿಸಿಕೊಂಡ. ಅರ್ಜುನ ಬಿಲ್ಲು ಬಿಟ್ಟು ಕೂರುವವರೆಗೂ ನಡುವೆ ಬಾಯಿ ಹಾಕಲಿಲ್ಲ.

ನನಗೆ ಹಾಗೆ ಕೇಳಿಸಿಕೊಂಡವರು ನಮ್ಮ ಅತ್ತೆ. ಒಂದು ರಾತ್ರಿ ನಾನು ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದೆ. ‘ನಿದ್ದೆ ಬತ್ತಿಲ್ಯನೆ ತಂಗಿ?’ ಎಂದು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಆಗ ಎಂಬತ್ತೆರಡು. ನಾನು ಹೇಳುತ್ತಾ ಹೋದೆ, ಅವರು ಒಂದೂ ಬುದ್ಧಿಮಾತು ಹೇಳಲಿಲ್ಲ. ಕೊನೆಗೆ ಒಲೆ ಹಚ್ಚಿ ಕಷಾಯ ಕಾಸಿ ಕೊಟ್ಟರು. ನಿಮ್ಮ ಹತ್ತಿರ ಯಾರಾದರೂ ಚಿಂತೆ ಹೇಳಿಕೊಂಡರೆ ನೀವೂ ಇಷ್ಟೇ ಮಾಡಿ. ‘ಎಲ್ಲ ಸರಿಯಾಗುತ್ತದೆ ಬಿಡಿ’ ಎನ್ನಬೇಡಿ. ಸರಿಯಾಗುತ್ತದೆಯೋ ಇಲ್ಲವೋ ನಿಮಗೂ ಗೊತ್ತಿರುವುದಿಲ್ಲ.

ಮೂರನೇ ಅಧ್ಯಾಯದ ಮೂವತ್ತನೇ ಶ್ಲೋಕದಲ್ಲಿ ಒಂದು ಶಬ್ದ ಇದೆ, ವಿಗತಜ್ವರಃ. ‘ಯುಧ್ಯಸ್ವ ವಿಗತಜ್ವರಃ’. ಜ್ವರ ಬಿಟ್ಟವನಾಗಿ ಯುದ್ಧ ಮಾಡು. ಎಷ್ಟು ಸಲ ಹೇಳಿದ್ದೆನೋ ಆ ಶ್ಲೋಕವನ್ನು, ಆ ಶಬ್ದದ ಹತ್ತಿರ ನಿಂತಿರಲಿಲ್ಲ. ಕೃಷ್ಣ ‘ಯುದ್ಧ ಬಿಡು’ ಎನ್ನಲಿಲ್ಲ, ‘ಜ್ವರ ಬಿಡು’ ಎಂದ. ಕೆಲಸ ಬೇರೆ, ಕೆಲಸದ ಜ್ವರ ಬೇರೆ. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ. ರಾತ್ರಿಯಿಡೀ ತೋಟದ ಬಗ್ಗೆ ಸಂಕಟಪಟ್ಟರೆ ತೋಟಕ್ಕೆ ಏನೋ ಮಾಡಿದೆ ಎನ್ನುವ ಭಾವನೆ. ಬೆಳಿಗ್ಗೆ ನೋಡಿದರೆ ಬಸಿಗಾಲುವೆಯಲ್ಲಿ ಕಸ ಕಟ್ಟಿಕೊಂಡದ್ದು ಹಾಗೇ ಇರುತ್ತಿತ್ತು. ಜ್ವರಕ್ಕೆ ಮೈಯ ಶಕ್ತಿಯೆಲ್ಲ ಹೋಗಿ, ಹಾರೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

ಈಗ ಐದು ಸಾಲಿನ ಕಾಗದಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹದಿನೆಂಟನೇ ಅಧ್ಯಾಯದ ಹದಿನಾಲ್ಕನೇ ಶ್ಲೋಕದಲ್ಲಿ ಯಾವುದೇ ಕೆಲಸ ಆಗಲು ಐದು ಕಾರಣ ಸೇರಬೇಕು ಎಂದು ಹೇಳಿದೆ. ಅಧಿಷ್ಠಾನ, ಕರ್ತಾ, ಕರಣ, ಚೇಷ್ಟೆ, ಐದನೆಯದು ದೈವ. ಅಧಿಷ್ಠಾನ ಎಂದರೆ ಆಧಾರ, ಭಾಷ್ಯಗಳಲ್ಲಿ ಶರೀರ ಎಂದು ಅರ್ಥ ಹೇಳುತ್ತಾರೆ. ನಾನು ನನ್ನ ಅನುಕೂಲಕ್ಕೆ ಅದನ್ನು ‘ಜಾಗ’ ಎಂದು ಬರೆದುಕೊಂಡೆ. ಉಳಿದವು ಮಾಡುವವಳು, ಸಲಕರಣೆ, ಕೆಲಸ, ದೈವ. ಸೊಸೈಟಿಯ ಹಳೇ ಬಿಲ್ಲಿನ ಹಿಂಬದಿಯಲ್ಲಿ ಮೊದಲ ಸಲ ಬರೆದದ್ದು ಇನ್ನೂ ನನ್ನ ಗೀತಾ ಪುಸ್ತಕದೊಳಗೆ ಇದೆ:

ಜಾಗ: ಎರಡು ಎಕರೆ ತೋಟ. ಕೆಳಗಿನ ಸಾಲಿನಲ್ಲಿ ನೀರು ನಿಲ್ಲುತ್ತಿದೆ.
ಮಾಡುವವಳು: ನಾನು. ಮರ ಹತ್ತಲು ಬಾರದು. ಮದ್ದು ಅಳೆಯಲು ಬರುತ್ತದೆ.
ಸಲಕರಣೆ: ಮದ್ದಿಗೆ ಮೈಲುತುತ್ತ ಇದೆ. ಸುಣ್ಣ ಇಲ್ಲ. ಪಂಪಿನ ವಾಶರ್ ಹೋಗಿದೆ.
ಕೆಲಸ: ನಾಳೆ ಕಾಲುವೆ ಬಿಡಿಸುವುದು. ಶಿರಸಿಗೆ ಹೋಗಿ ಸುಣ್ಣ, ವಾಶರ್. ಮರ ಹತ್ತುವ ಕೊನೆಗೌಡನಿಗೆ ಫೋನ್. ಮಳೆ ಬಿಟ್ಟು ಹೊಳವಾದ ದಿನ ಮದ್ದು.
ದೈವ: ಮಳೆ. ದರ.

ಬರೆದು ನೋಡಿದಾಗ ನನಗೇ ಆಶ್ಚರ್ಯ. ಅಷ್ಟು ದಿನ ನಾನು ಸುತ್ತುತ್ತಿದ್ದದ್ದು ಪೂರ್ತಿ ಐದನೇ ಸಾಲಿನಲ್ಲೇ. ನಾಲ್ಕು ಸಾಲುಗಳಲ್ಲಿ ಇದ್ದದ್ದು ನೂರಿನ್ನೂರು ರೂಪಾಯಿಯ ಸುಣ್ಣ, ಒಂದು ರಬ್ಬರ್ ವಾಶರ್, ಒಂದು ಫೋನ್.

ನೀವೂ ಹೀಗೇ ಮಾಡಿ. ಒಂದು ಕಾಗದಕ್ಕೆ ಒಂದೇ ಚಿಂತೆ. ತೋಟ, ಮಗಳ ಮದುವೆ, ಸಾಲ ಎಲ್ಲ ಒಂದೇ ಹಾಳೆಯಲ್ಲಿ ಬೇಡ, ಕಲಸಿಹೋಗುತ್ತದೆ. ಮೂರು ಗಂಟೆಗೆ ಎಚ್ಚರವಾದರೆ ಎದ್ದು ದೀಪ ಹಾಕಿ ಬರೆಯಿರಿ. ಆದರೆ ನಿರ್ಧಾರ ಮಾತ್ರ ಆಗ ಮಾಡಬೇಡಿ. ರಾತ್ರಿ ಮಾಡಿದ ನಿರ್ಧಾರದಲ್ಲಿ ಜ್ವರ ಇರುತ್ತದೆ. ‘ಕೆಲಸ’ ಎನ್ನುವ ಸಾಲಿನಲ್ಲಿ ನಾಳೆ ಕೈಯಿಂದ, ಕಾಲಿನಿಂದ, ಬಾಯಿಯಿಂದ ಮಾಡಬಹುದಾದದ್ದನ್ನಷ್ಟೇ ಹಾಕಿ. ‘ಸಾಲ ತೀರಿಸುವುದು’ ಎಂದು ಬರೆದರೆ ಅದು ಮತ್ತೆ ಚಿಂತೆಯೇ. ‘ಮಂಗಳವಾರ ಸೊಸೈಟಿಗೆ ಹೋಗಿ ಕಂತು ಮುಂದೂಡಲು ಆಗುತ್ತದಾ ಕೇಳುವುದು’ ಎಂದು ಬರೆದರೆ ಅದು ಕೆಲಸ.

ಐದನೇ ಸಾಲಿಗೆ ಏನನ್ನು ಹಾಕಬೇಕು ಎನ್ನುವಲ್ಲಿ ಅವಸರ ಬೇಡ. ನಮ್ಮ ಹಳಬರ ಕಾಲದಲ್ಲಿ ಕೊಳೆ ಎಂದರೆ ಹೆಚ್ಚುಕಡಿಮೆ ಪೂರ್ತಿ ದೈವವೇ ಆಗಿತ್ತು. ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟುತ್ತಿದ್ದರು, ಉಳಿದಂತೆ ಕೈಮುಗಿದು ಕೂರುವುದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎನ್ನುವ ಕೆನಡಾದ ವಿಜ್ಞಾನಿ ಈ ರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ಮದ್ದಿನಿಂದ ತಡೆಯಬಹುದು ಎಂದು ತೋರಿಸಿಕೊಟ್ಟರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಐವತ್ತು ಲೀಟರಿನಲ್ಲಿ ಅದು, ಐವತ್ತು ಲೀಟರಿನಲ್ಲಿ ಇದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಮಾಡಬಾರದು. ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು ಎಂದರ್ಥ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಐದನೇ ಸಾಲಿನಲ್ಲಿದ್ದದ್ದು ಹೀಗೆ ಮೂರನೇ, ನಾಲ್ಕನೇ ಸಾಲಿಗೆ ಬಂತು. ಅದಕ್ಕೇ ಹೇಳಿದೆ, ‘ಎಲ್ಲ ದೇವರ ಇಚ್ಛೆ’ ಎಂದು ಬೇಗ ಕೈಚೆಲ್ಲಬೇಡಿ. ತಿಳಿದವರನ್ನು ಒಂದು ಮಾತು ಕೇಳಿ. ಈಗ ನಮ್ಮ ಕಡೆ ಎಲೆಚುಕ್ಕೆ ರೋಗದ ಹೆದರಿಕೆ ಇದೆ. ನನ್ನ ಕಾಗದದಲ್ಲಿ ಅದರ ಎದುರು ‘ತೋಟಗಾರಿಕೆ ಇಲಾಖೆಯಲ್ಲಿ ಕೇಳುವುದು’ ಎಂದಿದೆ, ಇನ್ನೂ ದೈವಕ್ಕೆ ಹಾಕಿಲ್ಲ.

ಇದರ ಮುಂದೆಯೇ, ಹದಿನಾರನೇ ಶ್ಲೋಕದಲ್ಲಿ, ಐದು ಕಾರಣ ಇರುವಾಗ ತಾನೊಬ್ಬನೇ ಮಾಡುವವನು ಎಂದು ತಿಳಿದವನಿಗೆ ಸರಿಯಾಗಿ ಕಾಣುವುದಿಲ್ಲ ಎಂದಿದೆ. ಇದನ್ನು ಜಂಬದವರಿಗೆ ಹೇಳಿದ್ದು ಎಂದುಕೊಂಡಿದ್ದೆ. ಅಲ್ಲ, ತಪ್ಪು ಹೊತ್ತುಕೊಂಡು ಕೊರಗುವವರಿಗೂ ಅದೇ ಮಾತು. 2019ರಲ್ಲಿ ಎರಡನೇ ಮದ್ದು ಹೊಡೆಸುವುದು ಎಂಟು ದಿನ ತಡವಾಗಿತ್ತು. ಬೆಳೆ ಹೋದದ್ದು ನನ್ನೊಬ್ಬಳಿಂದಲೇ ಎಂದು ಎರಡು ವರ್ಷ ಮನಸ್ಸು ತಿಂದುಕೊಂಡೆ. ತಡ ಮಾಡಿದ್ದು ನನ್ನ ಪಾಲು, ನಿಜ. ಆದರೆ ಆ ಆಗಸ್ಟಿನ ಮಳೆ ನಾನು ಸುರಿಸಿದ್ದಲ್ಲ. ನನ್ನ ಪಾಲಿಗೆ ಒಂದು ಪರಿಹಾರ ಮಾಡಿಕೊಂಡೆ. ಕ್ಯಾಲೆಂಡರಿನಲ್ಲಿ ಮೊದಲ ಮದ್ದಿನ ದಿನವೇ ನಲವತ್ತು ದಿನ ಎಣಿಸಿ ಕೆಂಪು ಗೀಟು ಹಾಕುತ್ತೇನೆ. ಉಳಿದ ಪಾಲನ್ನು ಇಳಿಸಿದೆ.

ಎಲ್ಲರಿಗೂ ಗೊತ್ತಿರುವ ‘ಕರ್ಮಣ್ಯೇವಾಧಿಕಾರಸ್ತೇ’ ಶ್ಲೋಕದ ಬಗ್ಗೆ ಒಂದು ಮಾತು. ಅದಕ್ಕೆ ನಾಲ್ಕು ಪಾದ ಇದೆ. ಜನ ಎರಡು ಪಾದ ಹೇಳಿ ನಿಲ್ಲಿಸುತ್ತಾರೆ, ‘ಫಲ ಬಯಸಬೇಡ’ ಎಂದು ಮುಗಿಸುತ್ತಾರೆ. ಹಾಗಾದರೆ ಅಡಿಕೆ ಮಾರಲೇಬಾರದಾ, ರೇಟು ಕೇಳಲೇಬಾರದಾ? ಹಾಗಲ್ಲ. ನಿನ್ನ ಅಧಿಕಾರ ಇರುವುದು ಕೆಲಸದ ಮೇಲೆ, ಫಲದ ಮೇಲಲ್ಲ ಎಂದಷ್ಟೇ ಅದು ಹೇಳುವುದು. ಯಾರ ಕೈಯಲ್ಲಿ ಏನಿದೆ ಎನ್ನುವ ಲೆಕ್ಕ. ನಾಲ್ಕನೇ ಪಾದ ‘ಮಾ ತೇ ಸಂಗೋಽಸ್ತ್ವಕರ್ಮಣಿ’, ಕೆಲಸ ಮಾಡದೆ ಕೂರುವುದಕ್ಕೂ ಅಂಟಿಕೊಳ್ಳಬೇಡ. ಚಿಂತೆ ಇದ್ದವರಿಗೆ ಈ ಪಾದವೇ ಮುಖ್ಯ ಎಂದು ನನಗೆ ಅನಿಸುತ್ತದೆ. ಚಿಂತೆ ಹೆಚ್ಚಾದಾಗ ನಾವು ಮೊದಲು ಬಿಡುವುದು ಫಲದ ಆಸೆಯನ್ನಲ್ಲ, ಕೆಲಸವನ್ನು. ಪಾಸ್‌ಬುಕ್ ತೆಗೆದು ನೋಡುವುದಿಲ್ಲ, ಬಂದ ನೋಟಿಸು ಒಡೆಯುವುದಿಲ್ಲ, ತೋಟಕ್ಕೆ ಇಳಿಯುವುದಿಲ್ಲ. ನೋಡಿದರೆ ಹೆದರಿಕೆ. ಹೀಗಾದಾಗ ಐದು ನಿಮಿಷದ ಕೆಲಸದಿಂದ ಶುರು ಮಾಡಿ. ಲಕೋಟೆ ಒಡೆದು ಮೇಜಿನ ಮೇಲೆ ಇಟ್ಟರೂ ಸಾಕು ಅವತ್ತಿಗೆ.

ಕೆಲಸದ ನಡುವೆ ಜ್ವರ ಬಂದರೆ ಏನು ಮಾಡಬೇಕು ಎಂದು ನನಗೆ ಹೇಳಿಕೊಟ್ಟದ್ದು ನಮ್ಮ ಕೊನೆಗೌಡ. ಒಂದು ಮರದಿಂದ ಇಳಿಯದೆ, ಅದನ್ನು ಬಗ್ಗಿಸಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಕೆಳಗೆ ನಿಂತು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ‘ಮೇಲಿದ್ದಾಗ ಮನೆ ಚಿಂತೆ ಬಂದರೆ ಏನು ಮಾಡ್ತೀಯೋ?’ ಎಂದು ಕೇಳಿದ್ದೆ. ‘ಇಳಿದುಬಿಡ್ತೇನೆ ಅಮ್ಮ’ ಎಂದ. ‘ಒಂದು ಎಲೆಯಡಿಕೆ ಕವಳ ಹಾಕ್ತೇನೆ. ಆಮೇಲೆ ಹತ್ತುತೇನೆ.’ ‘ಯೋಗಃ ಕರ್ಮಸು ಕೌಶಲಮ್’ ಎಂದು ನಾವು ರಾಗವಾಗಿ ಹೇಳುತ್ತೇವಲ್ಲ, ಅವನು ಮಾಡುವುದು ಅದನ್ನೇ. ಜ್ವರದಲ್ಲಿ ಮಾಡಿದ ಕೆಲಸ ಕೆಡುತ್ತದೆ. ಮನಸ್ಸು ಓಡಿದಾಗ ನಾನೂ ಅಡಿಕೆ ಸುಲಿಯುವುದನ್ನು ನಿಲ್ಲಿಸಿ, ಎದ್ದು, ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬಂದು ಕೂರುತ್ತೇನೆ. ಆರನೇ ಅಧ್ಯಾಯದಲ್ಲಿ ಮನಸ್ಸು ಎಲ್ಲೆಲ್ಲಿ ಓಡುತ್ತದೋ ಅಲ್ಲಲ್ಲಿಂದ ಹಿಡಿದು ತಾ ಎಂದಿದೆ. ಬೈದು ತಾ ಎಂದಿಲ್ಲ. ಬೇಲಿ ಹಾರಿದ ಕರುವನ್ನು ಹೊಡೆದರೆ ಇನ್ನೂ ದೂರ ಓಡುತ್ತದೆ. ದಿನಕ್ಕೆ ಐವತ್ತು ಸಲ ಹೋದರೆ ಐವತ್ತು ಸಲ ಕರೆತನ್ನಿ. ಅಭ್ಯಾಸ ಎನ್ನುವುದು ಇದನ್ನೇ.

ಫೋನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಾಟ್ಸಾಪಿನಲ್ಲಿ ದಿನಾ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬಗೆಬಗೆಯ ಅಡಿಕೆಯ ದರ ಬರುತ್ತದೆ. ಮಾರಲು ಇಲ್ಲದ ದಿನ ನಾನು ನೋಡುವುದಿಲ್ಲ. ಅಡಿಕೆ ಒಯ್ಯುವ ವಾರ ಮಾತ್ರ ದಿನಕ್ಕೊಮ್ಮೆ ನೋಡುತ್ತೇನೆ. ಎಷ್ಟಕ್ಕೆ ಬಿಡುವುದು ಎಂದು ಮೊದಲೇ ಬರೆದಿಟ್ಟುಕೊಂಡು ಹೋಗುತ್ತೇನೆ. ಮಾರಿದ ಮೇಲೆ ಮತ್ತೆ ನೋಡುವುದಿಲ್ಲ.

ತೋಟ ಸುಲಭ. ಮಗ ಕಷ್ಟ.

ಅವನ ಕೆಲಸ ಆ ವರ್ಷದ ಕೊನೆಗೆ ಹೋಗಿಯೇ ಹೋಯಿತು. ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ. ಊಟ ಆಯಿತಾ, ಎಲ್ಲಿಗಾದರೂ ಅರ್ಜಿ ಹಾಕಿದೆಯಾ, ಯಾರಾದರೂ ಕರೆದರಾ. ಒಂದು ದಿನ ಅವನು, ‘ಆಯಿ, ನಿಂಗೆ ಎಷ್ಟು ಸಲ ಹೇಳವು? ನಿನ್ನ ಸಮಾಧಾನ ಮಾಡೋದೇ ನಂಗೊಂದು ಕೆಲಸ ಆಜು’ ಎಂದ. ಆ ಮಾತು ಬಹಳ ನೋಯಿಸಿತು. ರಾತ್ರಿ ಕಾಗದ ತೆಗೆದುಕೊಂಡು ಕೂತೆ. ಮಾಡುವವಳು ಎಂದು ನನ್ನ ಹೆಸರು ಬರೆಯಲು ಹೋದರೆ ಕೈ ಓಡಲಿಲ್ಲ. ಇದರಲ್ಲಿ ಮಾಡುವವನು ಅವನು! ನಾನು ಇದ್ದದ್ದು ಮೂರನೇ ಸಾಲಿನಲ್ಲಿ, ಅವನಿಗೆ ಒದಗುವ ಸಲಕರಣೆಯಾಗಿ. ಹಾಗಾದರೆ ನಾನು ಯಾವ ರೀತಿಯ ಸಲಕರಣೆ? ಹದ ಇರುವ ಕತ್ತಿಯೋ, ಹಿಡಿಕೆ ಅಲ್ಲಾಡುವ ಕತ್ತಿಯೋ? ಮರುದಿನ ಅವನಿಗೆ ಹೇಳಿದೆ, ‘ತಮ್ಮಾ, ಭಾನುವಾರ ನೀನೇ ಫೋನ್ ಮಾಡು. ನಡುವೆ ಏನಾದರೂ ಬೇಕಾದರೆ ಯಾವ ಹೊತ್ತಿಗಾದರೂ ಮಾಡು. ನಾನು ಕೇಳುವುದಿಲ್ಲ.’ ಕೇಳದೆ ಇರುವುದು ಮರ ಹತ್ತಿದಷ್ಟು ಕಷ್ಟ. ಕೈ ಫೋನಿಗೆ ಹೋದಾಗಲೆಲ್ಲ ಅವನಿಗೆ ಇಷ್ಟವಾದ ಏನನ್ನಾದರೂ ಮಾಡಿದೆ. ತೊಡದೇವು ಹುಯ್ದೆ, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದೆ, ಬಸ್ಸಿಗೆ ಕೊಟ್ಟು ಕಳಿಸಿದೆ. ಪ್ರೀತಿ ಕೈಗೆ ಇಳಿಯಿತು.

ಅಂಟು ಬಿಡುವುದು ಎಂದರೆ ಮನಸ್ಸು ಕಲ್ಲು ಮಾಡಿಕೊಳ್ಳುವುದು ಎಂದು ಕೆಲವರು ಹೆದರುತ್ತಾರೆ. ಹದಿನೆಂಟನೇ ಅಧ್ಯಾಯದಲ್ಲೇ ಸಾತ್ವಿಕ ಕರ್ತೃ ಹೇಗಿರುತ್ತಾನೆ ಎಂದು ಹೇಳುವಾಗ ‘ಮುಕ್ತಸಂಗಃ’ ಎಂದ ಮೇಲೆ ‘ಧೃತ್ಯುತ್ಸಾಹಸಮನ್ವಿತಃ’ ಎಂದೂ ಹೇಳಿದೆ. ಅಂಟಿಲ್ಲ, ಆದರೆ ಧೈರ್ಯವಿದೆ, ಉತ್ಸಾಹವಿದೆ. ಉತ್ಸಾಹ ಬತ್ತಿಹೋಗಿದ್ದರೆ ಅದು ವೈರಾಗ್ಯ ಅಲ್ಲ, ದಣಿವು. ದಣಿವಿಗೆ ಊಟ, ನಿದ್ದೆ, ಯಾರದ್ದಾದರೂ ಸಹಾಯ ಬೇಕು.

ಸಂಜೆ ನಾನು ಮಾಡುವುದು ಇಷ್ಟು. ದೇವರ ದೀಪ ಹಚ್ಚಿದ ಮೇಲೆ ಆ ದಿನದ ಕಾಗದ ತೆಗೆದು ನೋಡುತ್ತೇನೆ. ಆದ ಕೆಲಸಕ್ಕೆ ಗೀಟು ಎಳೆಯುತ್ತೇನೆ. ಆಗದ್ದು ನಾಳೆಗೆ. ಉದ್ಧರಣೆಯಲ್ಲಿ ನೀರು ತೆಗೆದುಕೊಂಡು ‘ಶ್ರೀಕೃಷ್ಣಾರ್ಪಣಮಸ್ತು’ ಎಂದು ಹರಿವಾಣಕ್ಕೆ ಬಿಡುತ್ತೇನೆ. ಮೊದಲೂ ಬಿಡುತ್ತಿದ್ದೆ, ಪೂಜೆಯ ಕೊನೆಗೆ ಅಭ್ಯಾಸಬಲದಿಂದ. ಈಗ ಏನನ್ನು ಬಿಡುತ್ತಿದ್ದೇನೆ ಎಂದು ಹೆಸರು ಹಿಡಿದು ಬಿಡುತ್ತೇನೆ. ‘ಈ ಮಳೆ ನಿನ್ನದು. ಮಾಣಿಯ ಇಂಟರ್ವ್ಯೂ ನಿನ್ನದು.’ ಬಿಟ್ಟ ನೀರನ್ನು ಮತ್ತೆ ಬೊಗಸೆಗೆ ತೆಗೆದುಕೊಳ್ಳುವ ಪದ್ಧತಿ ಇಲ್ಲವಲ್ಲ. ರಾತ್ರಿ ಅದೇ ಚಿಂತೆ ಬಂದರೆ ಆ ನೀರಿನ ಸದ್ದು ನೆನಪಿಸಿಕೊಳ್ಳುತ್ತೇನೆ. ದೇವರಲ್ಲಿ ಅಷ್ಟು ನಂಬಿಕೆ ಇಲ್ಲದವರು ಕಾಗದವನ್ನು ಮಡಚಿ ಡಬ್ಬಿಗೆ ಹಾಕಿ ಮುಚ್ಚಿದರೂ ಆದೀತು. ಕೈಯಿಂದ ಬಿಡುವ ಒಂದು ಕ್ರಿಯೆ ಬೇಕು. ಬರೀ ಮನಸ್ಸಿನಲ್ಲಿ ‘ಬಿಟ್ಟೆ’ ಎಂದರೆ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆ ಬಡಿದುಕೊಳ್ಳುತ್ತದೆ, ಬದುಕೇ ಬೇಡ ಎನಿಸುತ್ತದೆ ಎಂದಾದರೆ ಶ್ಲೋಕದಲ್ಲೇ ಮುಗಿಸಲು ಹೋಗಬೇಡಿ. ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಎನ್ನುವ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಾನೂ ಎಂಟು ತಿಂಗಳು ಮಾತ್ರೆ ತಗೊಂಡಿದ್ದೇನೆ. ಕೊಳೆಗೆ ಮದ್ದು ಹೊಡೆಸಲು ನಾಚಿಕೆಯಾ? ಇದಕ್ಕೂ ಬೇಡ.

ಮೂರು ಗಂಟೆಯ ಎಚ್ಚರ ಈಗಲೂ ತಿಂಗಳಿಗೆ ಎರಡು ಮೂರು ಸಲ ಆಗುತ್ತದೆ. ನಿನ್ನೆಯೂ ಆಯಿತು, ಮಳೆ ಜೋರಾಗಿತ್ತು. ಎದ್ದು ಕಾಗದ ತೆಗೆದೆ. ಎರಡನೇ ಮದ್ದಿನ ಕೆಂಪು ಗೀಟು ಶುಕ್ರವಾರಕ್ಕಿದೆ. ಮೈಲುತುತ್ತ ಇದೆ, ಪಂಪು ಸರಿ ಇದೆ, ಕೊನೆಗೌಡ ಹೊಳವಾದರೆ ಬರುತ್ತೇನೆ ಎಂದಿದ್ದಾನೆ. ನಾಲ್ಕನೇ ಸಾಲಿನಲ್ಲಿ ಗೀಟು ಬೀಳದೆ ಉಳಿದದ್ದು ಒಂದೇ. ಸುಣ್ಣ ನೆನೆಸಿಡಬೇಕು.